ಗ್ರಾಫ್‌ಗೆ ಮೌಸ್ ಬಿಟ್ಟು ಕಮಾಂಡ್ ಹಿಡಿದ ಮೇಲೆ

ಬೇರೆ ಬೇರೆ ಲೋಟಗಳಲ್ಲಿ ಬಿಸಿನೀರು ಎಷ್ಟು ಬೇಗ ಆರುತ್ತದೆ ಅಂತ ನಿಮಿಷಕ್ಕೊಮ್ಮೆ ಅಳೆದು ಬರೆದಿಟ್ಟಿದ್ದೆ. ಒಟ್ಟು 12 ಫೈಲ್. ಮೊದಲ ಕಾಲಂ ಸಮಯ, ಎರಡನೆಯದು ಉಷ್ಣಾಂಶ. ಸ್ಪ್ರೆಡ್‌ಶೀಟ್‌ನಲ್ಲಿ ಒಂದೊಂದಕ್ಕೂ ಗ್ರಾಫ್ ಮಾಡಿ, ಅಕ್ಷಕ್ಕೆ ಹೆಸರು ಹಾಕಿ, ಗೆರೆ ದಪ್ಪ ಮಾಡಿ, ಮತ್ತೆ ಮುಂದಿನದು ತೆಗೆದು ಅದನ್ನೇ ಮಾಡುವಷ್ಟರಲ್ಲಿ ಕೈ ಸೋತುಹೋಯಿತು. ಆಗ ಗ್ನೂಪ್ಲಾಟ್ ಹಾಕಿಕೊಂಡೆ. ಕಮಾಂಡ್ ಟೈಪ್ ಮಾಡಿ ಗ್ರಾಫ್ ಬರೆಸುವ, 1986ರಿಂದ ಇರುವ ಸಾಫ್ಟ್‌ವೇರ್ ಇದು, ಪುಕ್ಕಟೆ ಸಿಗುತ್ತದೆ.

'ಪ್ಲಾಟ್' ಅಂತ ಟೈಪ್ ಮಾಡಿ, ಕೋಟ್ ಒಳಗೆ ಫೈಲ್ ಹೆಸರು ಕೊಟ್ಟು, 'ಯೂಸಿಂಗ್ 1:2 ವಿತ್ ಲೈನ್ಸ್' ಅಂದರೆ ಸಾಕು, ಮೊದಲ ಕಾಲಂ ಅಡ್ಡಕ್ಕೆ, ಎರಡನೆಯದು ಲಂಬಕ್ಕೆ ಇಟ್ಟ ಗ್ರಾಫ್ ಕಣ್ಣೆದುರು ಬರುತ್ತದೆ. ಫೈಲ್‌ನಲ್ಲಿ ಅಂಕಿಗಳ ನಡುವೆ ಕಾಮಾ ಇದ್ದರೆ ಮಾತ್ರ 'ಸೆಟ್ ಡೇಟಾಫೈಲ್ ಸೆಪರೇಟರ್ ","' ಅಂತ ಮೊದಲೇ ಹೇಳಬೇಕು.

ನನಗೆ ಹಿಡಿಸಿದ್ದು ಆ 'ಯೂಸಿಂಗ್'. ಅಲ್ಲೇ ಲೆಕ್ಕ ಮಾಡಬಹುದು. 1:2 ಬದಲು 1:($2-25) ಅಂತ ಬರೆದೆ, ಅಂದರೆ ಎರಡನೇ ಕಾಲಂನಿಂದ ಕೋಣೆಯ ಉಷ್ಣಾಂಶ 25 ಡಿಗ್ರಿ ಕಳೆ ಅಂತ. ಮೂಲ ಫೈಲ್ ಇದ್ದ ಹಾಗೇ ಇರುತ್ತದೆ. ನ್ಯೂಟನ್ ಹೇಳಿದ ಹಾಗೆ ನೀರು ಆರುವ ವೇಗ ಈ ವ್ಯತ್ಯಾಸವನ್ನೇ ಅವಲಂಬಿಸುತ್ತದೆ, ಅಲ್ವಾ? ಹಾಗಾದರೆ ಲಾಗ್ ಅಳತೆಯಲ್ಲಿ (ಅಂದರೆ 1, 10, 100 ಸಮ ದೂರದಲ್ಲಿ ಬರುವ ಅಕ್ಷದಲ್ಲಿ) ಗೆರೆ ನೇರ ಬರಬೇಕು. 'ಸೆಟ್ ಲಾಗ್‌ಸ್ಕೇಲ್ ವೈ', ಆಮೇಲೆ 'ರೀಪ್ಲಾಟ್'. ಬಾಗಿದ್ದ ಗೆರೆ ಬಹುಪಾಲು ನೆಟ್ಟಗಾಯಿತು! ಆದರೆ ಬಾಲದ ಹತ್ತಿರ ಸ್ವಲ್ಪ ಮೇಲಕ್ಕೆ ತಿರುಗಿತ್ತು, ಅದೂ ಎಲ್ಲ ಲೋಟಗಳಲ್ಲೂ.

ಅಷ್ಟು ಹೊತ್ತಿಗೆ ಕಮಾಂಡ್‌ಗಳನ್ನೆಲ್ಲ ಒಂದು ಫೈಲ್‌ಗೆ ಹಾಕಿ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ 'ಡೂ ಫಾರ್' ಕೊಟ್ಟು 12 ಚಿತ್ರಗಳೂ ಒಟ್ಟಿಗೇ ಬರುವಂತೆ ಮಾಡಿದ್ದೆ. (ಚಿತ್ರ ಬರೆಸಿದ ಮೇಲೆ ಕೊನೆಗೊಂದು ಖಾಲಿ 'ಸೆಟ್ ಔಟ್‌ಪುಟ್' ಕೊಡಿ, ಇಲ್ಲದಿದ್ದರೆ ಫೈಲ್ ಅರ್ಧಂಬರ್ಧ ಉಳಿಯಬಹುದು. ಇನ್ನೊಂದು: ಪೂರ್ಣಾಂಕಗಳನ್ನು ಭಾಗಿಸಿದರೆ ಇಲ್ಲಿ ದಶಮಾಂಶ ಬಿಟ್ಟುಹೋಗುತ್ತದೆ, ಹಾಗಾಗಿ 1/2 ಅಂದರೆ 0. ಅರ್ಧ ಬೇಕಿದ್ದರೆ 1.0/2 ಅಂತಲೇ ಬರೆಯಬೇಕು.)

ಬಾಲ ಯಾಕೆ ಬಾಗಿತು ಅಂತ ಯೋಚಿಸುತ್ತಾ ಕೂತೆ. ನೀರು ಪೂರ್ತಿ ಆರುವ ಹೊತ್ತಿಗೆ ವ್ಯತ್ಯಾಸವೇ ಒಂದೆರಡು ಡಿಗ್ರಿ, ಆಗ ಕೋಣೆಯ ಅಂಕಿ ಒಂದು ಡಿಗ್ರಿ ತಪ್ಪಿದರೂ ಎದ್ದು ಕಾಣುತ್ತದೆ. 25 ಅಂತ ನಾನು ಸುಮ್ನೆ ಅಂದಾಜಿನಲ್ಲಿ ಹಾಕಿದ್ದೆ. ಥರ್ಮಾಮೀಟರ್ ಇಟ್ಟು ನೋಡಿದರೆ 26. ಕಮಾಂಡ್‌ಗಳ ಫೈಲ್‌ನಲ್ಲಿ ಆ ಒಂದು ಅಂಕಿ ತಿದ್ದಿ ಮತ್ತೆ ಓಡಿಸಿದೆ. 12 ಗೆರೆಗಳೂ ಕೊನೆಯವರೆಗೆ ನೆಟ್ಟಗೆ ನಿಂತವು.