ಮೂರು ಸ್ಟಾರ್‌ನ ಹುಡುಗರು

ಡಿಸೆಂಬರ್ ತಿಂಗಳ ಮೊದಲ ಬುಧವಾರ ನಾನು ಕೆಲಸಕ್ಕೆ ರಜೆ ಹಾಕುತ್ತೇನೆ. ಅಮೆರಿಕದ ಹೈಸ್ಕೂಲ್ ಹುಡುಗರು ಮುಂದಿನ ವರ್ಷ ಯಾವ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಸೇರುತ್ತೇವೆ ಅಂತ ಸಹಿ ಹಾಕುವ ದಿನ ಅದು. (ಹೆಲ್ಮೆಟ್ ಹಾಕಿಕೊಂಡು ಆಡುವ ಅಮೆರಿಕನ್ ಫುಟ್‌ಬಾಲ್ ವಿಷಯ ಹೇಳುತ್ತಿದ್ದೇನೆ, ಮೆಸ್ಸಿ ಆಡುವ ಆಟದ್ದಲ್ಲ.) ನಾವಿರುವುದು ಅಯೋವಾ ಸಿಟಿಯಲ್ಲಿ. ಇಲ್ಲಿನ ಯೂನಿವರ್ಸಿಟಿ ತಂಡದ ಹೆಸರು ಹಾಕ್‌ಐಸ್. ಬೆಳಗ್ಗೆಯಿಂದ ಒಂದೊಂದೇ ಹೆಸರು ಬರುತ್ತಾ ಹೋಗುತ್ತೆ. ಹೆಸರಿನ ಪಕ್ಕ ಎತ್ತರ, ತೂಕ, ಊರು, ಆಮೇಲೆ ಸ್ಟಾರ್. ಇನ್ನೂ ಆಟವೇ ಶುರುವಾಗಿಲ್ಲ, ಇದರಲ್ಲಿ ನೋಡುವಂಥದ್ದು ಏನಿದೆ ಅಂತ ಮೈಸೂರಿನ ಗೆಳತಿಯರು ಕೇಳುತ್ತಾರೆ. ನನಗಂತೂ ವರ್ಷದಲ್ಲಿ ಇದಕ್ಕಿಂತ ಇಷ್ಟದ ದಿನ ಇನ್ನೊಂದಿಲ್ಲ. ಹದಿನೇಳು ವರ್ಷದ ಹುಡುಗ ಇಪ್ಪತ್ತೆರಡಕ್ಕೆ ಏನಾಗುತ್ತಾನೆ ಎಂದು ಈಗಲೇ ಹೇಳಬೇಕು. ಇಡೀ ಆಟದಲ್ಲಿ ಅದಕ್ಕಿಂತ ಕಷ್ಟದ ಕೆಲಸ ನನಗೆ ಕಂಡಿಲ್ಲ.

ಸ್ಟಾರ್ ಲೆಕ್ಕ ಏನೆಂದು ಮೊದಲು ಹೇಳಿಬಿಡುತ್ತೇನೆ. 247ಸ್ಪೋರ್ಟ್ಸ್, ರೈವಲ್ಸ್, ಇಎಸ್‌ಪಿಎನ್ ಥರದ ಸಂಸ್ಥೆಗಳು ದೇಶದ ಹೈಸ್ಕೂಲ್ ಆಟಗಾರರಿಗೆ ಎರಡರಿಂದ ಐದರವರೆಗೆ ಸ್ಟಾರ್ ಕೊಡುತ್ತವೆ. 247ಸ್ಪೋರ್ಟ್ಸ್ ಐದು ಸ್ಟಾರ್ ಕೊಡುವುದು ವರ್ಷಕ್ಕೆ ಸುಮಾರು 32 ಜನರಿಗೆ. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳು, ಆ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ 32 ಆಯ್ಕೆ. ಹಾಗಾಗಿ ಐದು ಸ್ಟಾರ್ ಅಂದರೆ "ಈ ಹುಡುಗ ಮುಂದೊಂದು ದಿನ ಮೊದಲ ಸುತ್ತಿನಲ್ಲೇ ಹೋಗುತ್ತಾನೆ" ಎಂಬ ಭವಿಷ್ಯವಾಣಿ. ನಾಲ್ಕು ಸ್ಟಾರ್‌ನವರು ಕೆಲವು ನೂರು ಮಂದಿ. ಮೂರು ಸ್ಟಾರ್‌ನವರದು ದೊಡ್ಡ ಹಿಂಡು.

ಸ್ಟಾರ್ ಎಲ್ಲಾ ಸುಳ್ಳು, ದುಡ್ಡು ಮಾಡುವ ದಂಧೆ ಎಂದು ನಮ್ಮ ಕಡೆಯ ಅಭಿಮಾನಿಗಳು ಹೇಳುವುದನ್ನು ನಾನು ಒಪ್ಪುವುದಿಲ್ಲ. 2011ರ ನಂಬರ್ ಒನ್ ಹುಡುಗ ಜೇಡವಿಯನ್ ಕ್ಲೌನಿ 2014ರ ಡ್ರಾಫ್ಟ್‌ನಲ್ಲೂ ನಂಬರ್ ಒನ್. ಜೆರಮಾಯ ಸ್ಮಿತ್ 2024ರಲ್ಲಿ ದೇಶದಲ್ಲೇ ಮೊದಲನೆಯವನೆಂದು ಹೇಳಿಸಿಕೊಂಡು ಒಹಾಯೋ ಸ್ಟೇಟ್‌ಗೆ ಬಂದ. ಮೊದಲ ವರ್ಷವೇ ಚೆಂಡು ಹಿಡಿದು 1,315 ಯಾರ್ಡ್, 15 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು), ಜನವರಿ 2025ರಲ್ಲಿ ಕೈಗೆ ಚಾಂಪಿಯನ್‌ಶಿಪ್. ಅಂಥ ಹುಡುಗನನ್ನು ಗುರುತಿಸುವುದಕ್ಕೆ ವಿಶೇಷ ಕಣ್ಣೇನೂ ಬೇಕಾಗಿಲ್ಲ. ಬಡ್ ಎಲಿಯಟ್ ಎಂಬ ಪತ್ರಕರ್ತರ ಒಂದು ಲೆಕ್ಕವಿದೆ. ಹಿಂದಿನ ನಾಲ್ಕು ವರ್ಷ ಸೇರಿಸಿಕೊಂಡ ಹುಡುಗರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಾಲ್ಕು-ಐದು ಸ್ಟಾರ್‌ನವರಾಗಿದ್ದರೆ ಮಾತ್ರ ಆ ತಂಡಕ್ಕೆ ರಾಷ್ಟ್ರೀಯ ಪ್ರಶಸ್ತಿಯ ಯೋಗ. ವರ್ಷಗಟ್ಟಲೆ ಅದು ಸುಳ್ಳಾಗಲಿಲ್ಲ. ಗುಂಪಾಗಿ ತೆಗೆದುಕೊಂಡರೆ ಸ್ಟಾರ್ ನಿಜ ಹೇಳುತ್ತೆ. ಒಬ್ಬೊಬ್ಬನನ್ನೇ ತೆಗೆದುಕೊಂಡಾಗ ಮಾತು ಬೇರೆ.

ಅಯೋವಾಕ್ಕೆ ಬೇಕಾಗಿರುವುದು ಈ ಒಬ್ಬೊಬ್ಬನ ಲೆಕ್ಕವೇ. ಇಡೀ ರಾಜ್ಯದ ಜನಸಂಖ್ಯೆ ಸುಮಾರು 32 ಲಕ್ಷ, ಬೆಂಗಳೂರಿನ ಒಂದು ಮೂಲೆಯಷ್ಟು. ಊರುಗಳು ಎಷ್ಟು ಚಿಕ್ಕವೆಂದರೆ ಹನ್ನೊಂದು ಜನ ಸಿಗದೆ ಎಂಟೇ ಜನರ ಫುಟ್‌ಬಾಲ್ ಆಡುವ ಸ್ಕೂಲುಗಳಿವೆ. ಫ್ಲಾರಿಡಾ, ಟೆಕ್ಸಸ್ ಥರ ಪಕ್ಕದ ಬೀದಿಯಲ್ಲೇ ಐದು ಸ್ಟಾರ್ ಸಿಗುವುದಿಲ್ಲ. 1999ರಿಂದ ಇಲ್ಲಿ ಹೆಡ್ ಕೋಚ್ ಆಗಿರುವ ಕರ್ಕ್ ಫೆರೆಂಟ್ಸ್ ಹಾಗಾಗಿ ಬೇರೆಯದೇ ಪ್ರಶ್ನೆ ಇಟ್ಟುಕೊಂಡು ಹುಡುಗರನ್ನು ನೋಡುತ್ತಾ ಬಂದರು. ಈಗ ಎಷ್ಟು ಚೆನ್ನಾಗಿ ಆಡುತ್ತಾನೆ ಅನ್ನುವುದು ಆಮೇಲಿನ ಮಾತು. ಈ ಮೈ ಎಷ್ಟು ತೂಕ ಹೊರಬಲ್ಲದು, ಕೊನೆಗೆ ಯಾವ ಜಾಗದಲ್ಲಿ ಆಡುವವನು ಇವನು?

ಈ ಪ್ರಶ್ನೆ ಹಿಡಿದುಕೊಂಡು ಹೋದವರಿಗೆ ಸಿಕ್ಕವರನ್ನು ನೋಡಿ. ರಾಬರ್ಟ್ ಗ್ಯಾಲರಿ ಟೈಟ್ ಎಂಡ್ (ಲೈನ್ ಎಂಬ ಮುಂದಿನ ಸಾಲಿನ ತುದಿಯಲ್ಲಿ ನಿಂತು ಎದುರಾಳಿಯನ್ನು ತಡೆಯುವವನು, ಚೆಂಡೂ ಹಿಡಿಯುವವನು) ಆಗಿ ಬಂದವನು, ಟ್ಯಾಕಲ್ (ಆ ಲೈನಿನಲ್ಲೇ ನಿಂತು ತಡೆಯುವ ದೊಡ್ಡ ಆಳು) ಆಗಿ 2004ರ ಡ್ರಾಫ್ಟ್‌ನಲ್ಲಿ ಎರಡನೆಯವನಾಗಿ ಹೋದ. ಡಲಾಸ್ ಕ್ಲಾರ್ಕ್ ಸ್ಕಾಲರ್‌ಶಿಪ್ಪೇ ಇಲ್ಲದೆ ಡಿಫೆನ್ಸ್‌ನಲ್ಲಿ ಲೈನಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್ ಆಗಿ ಸೇರಿಕೊಂಡು, ಟೈಟ್ ಎಂಡ್ ಆಗಿ ದೇಶದ ಶ್ರೇಷ್ಠ ಟೈಟ್ ಎಂಡ್‌ಗೆ ಕೊಡುವ ಮ್ಯಾಕಿ ಪ್ರಶಸ್ತಿ ಗೆದ್ದ. ಚ್ಯಾಡ್ ಗ್ರೀನ್‌ವೇ ಸೌತ್ ಡಕೋಟಾದಲ್ಲಿ ಒಂಬತ್ತು ಜನರ ಫುಟ್‌ಬಾಲ್ ಆಡಿಕೊಂಡಿದ್ದವನು. ಬ್ರ್ಯಾಂಡನ್ ಶರ್ಫ್ ಹೈಸ್ಕೂಲಿನಲ್ಲಿ ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಆಡಿದ್ದ, ಆ ದೇಹ ಇಟ್ಟುಕೊಂಡು ಟೆನಿಸ್ ಕೂಡ ಆಡಿದ್ದ. ಲೈನಿನಲ್ಲಿ ನಿಂತು 2015ರಲ್ಲಿ ಐದನೆಯ ಆಯ್ಕೆಯಾದ. ಜಾರ್ಜ್ ಕಿಟಲ್‌ಗೆ ಆಫರ್ ಬಂದದ್ದೇ ಕೊನೆಯ ಗಳಿಗೆಯಲ್ಲಿ. ಅವನ ಅಪ್ಪ ಅಯೋವಾದ ಲೈನಿನಲ್ಲಿ ಆಡಿದ್ದವರು, ಅಮ್ಮ ಕಾಲೇಜು ಮಟ್ಟದಲ್ಲಿ ಬಾಸ್ಕೆಟ್‌ಬಾಲ್, ಸಾಫ್ಟ್‌ಬಾಲ್ ಆಡಿದವರು. ಹುಡುಗ ಸಣಕಲಾಗಿದ್ದರೆ ಅಪ್ಪ ಅಮ್ಮನ ಮೈಕಟ್ಟು ನೋಡು ಎನ್ನುವುದು ಇಲ್ಲಿ ಕೋಚ್‌ಗಳ ಹಳೆಯ ಪಾಠ.

ಈ ಕಣ್ಣು ನನಗೆ ಅಮೆರಿಕದಲ್ಲಿ ಬಂದದ್ದಲ್ಲ. ಮೈಸೂರಿನಲ್ಲಿ ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುವ ಕಾರ್ಯಕ್ರಮ ಇರುತ್ತದಲ್ಲ, ಚಿಕ್ಕವಳಿದ್ದಾಗ ನಮ್ಮ ಮಾವ, ಅಂದರೆ ಅಮ್ಮನ ತಮ್ಮ, ನನ್ನನ್ನೂ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು. ಗರಡಿಗಳಿಂದ ಬಂದ ಹುಡುಗರು ಸಾಲಾಗಿ ನಿಲ್ಲುತ್ತಾರೆ, ಯಾರಿಗೆ ಯಾರು ಸರಿಜೋಡಿ ಅಂತ ಉಸ್ತಾದರು, ಹಿರಿಯ ಪೈಲ್ವಾನರು ಕಣ್ಣಳತೆಯಲ್ಲೇ ತೀರ್ಮಾನಿಸುತ್ತಾರೆ. ನಾನು ಎದೆ, ತೋಳು ನೋಡಿ ಇವನೇ ಗೆಲ್ಲುವುದು ಅನ್ನುತ್ತಿದ್ದೆ. ಮಾವ ಮಂಡಿಯಿಂದ ಕೆಳಗೆ ನೋಡುತ್ತಿದ್ದರು. "ಎದೆ ಆಮೇಲೂ ಬರುತ್ತೆ ಕಣೇ, ಕಾಲು ಮಾತ್ರ ಮೊದಲೇ ಇರಬೇಕು" ಅನ್ನುತ್ತಿದ್ದರು. ಹುಡುಗ ಕೂತು ಎದ್ದಾಗ ಹಿಮ್ಮಡಿ ನೆಲ ಬಿಡುತ್ತದೋ ಇಲ್ಲವೋ, ತಳ್ಳಿದರೆ ಒಂದು ಹೆಜ್ಜೆ ಹಿಂದೆ ಇಡುತ್ತಾನೋ ಎರಡು ಇಡುತ್ತಾನೋ, ಇವು ಅವರ ಲೆಕ್ಕ.

ಅಯೋವಾ ಕೂಡ ಕುಸ್ತಿಯ ನಾಡು. ಆಟದ ನಿಯಮ ಬೇರೆ, ಮಣ್ಣಿನ ಬದಲು ಮ್ಯಾಟ್. ಆದರೆ ಚಳಿಗಾಲದಲ್ಲಿ ಹೈಸ್ಕೂಲ್ ಜಿಮ್‌ಗಳು ತುಂಬಿ ತುಳುಕುವುದು ನೋಡಿದರೆ ದೊಡ್ಡಕೆರೆ ಮೈದಾನವೇ ನೆನಪಿಗೆ ಬರುತ್ತೆ. ಫುಟ್‌ಬಾಲ್ ಕೋಚ್‌ಗಳು ಆ ಜಿಮ್‌ಗಳಿಗೂ ಬಂದು ಕೂರುತ್ತಾರೆ.

ನಮ್ಮೂರಿಂದ ಹೈವೇ 1 ಹಿಡಿದು ಉತ್ತರಕ್ಕೆ ಹೋದರೆ ಮೊದಲು ಸೋಲನ್, ಆಮೇಲೆ ಮೌಂಟ್ ವರ್ನನ್. ಎರಡೂ ಪುಟ್ಟ ಊರು, ಸುತ್ತ ಜೋಳದ ಹೊಲ. ಮೌಂಟ್ ವರ್ನನ್‌ನ ಟ್ರಿಸ್ಟನ್ ವರ್ಫ್ಸ್ ಗುಂಡು ಎಸೆತ, ಚಕ್ರ ಎಸೆತ ಎರಡರಲ್ಲೂ ರಾಜ್ಯ ಚಾಂಪಿಯನ್. ಕುಸ್ತಿಯಲ್ಲೂ ರಾಜ್ಯ ಚಾಂಪಿಯನ್. ಹೈಸ್ಕೂಲ್ ಹೆವಿವೇಯ್ಟ್‌ಗೆ 285 ಪೌಂಡ್ ಮಿತಿ, ಅಂದರೆ 129 ಕಿಲೋ. ಅದರೊಳಗೆ ಬರುವುದಕ್ಕೆ ಅವನು ತೂಕ ಇಳಿಸಬೇಕಾಯಿತು. ಸೋಲನ್‌ನ ಟೈಲರ್ ಲಿಂಡರ್‌ಬಾಮ್ ಅವನಿಗಿಂತ ಗಿಡ್ಡ, ತೂಕವೂ ಕಮ್ಮಿ. ಆದರೂ ಹೈಸ್ಕೂಲ್ ಕುಸ್ತಿಯಲ್ಲಿ ವರ್ಫ್ಸ್‌ನನ್ನು ಸೋಲಿಸಿದ. ಆ ಪಂದ್ಯದ ವಿಡಿಯೋ ಈಗಲೂ ಓಡಾಡುತ್ತಿದೆ, ನೋಡದಿದ್ದವರು ನೋಡಿ. ಫುಟ್‌ಬಾಲ್ ಲೈನಿನ ಇಡೀ ವಿದ್ಯೆ ಅದರಲ್ಲಿದೆ: ತನಗಿಂತ ದೊಡ್ಡವನ ಎದೆಯ ಕೆಳಗೆ ಹೋಗುವುದು, ಕೈಗೆ ಕೈ ಸಿಗದ ಹಾಗೆ ಬಡಿದು ಬಿಡಿಸಿಕೊಳ್ಳುವುದು, ಸೊಂಟ ತಗ್ಗಿಸಿಕೊಂಡೇ ಪಕ್ಕಕ್ಕೆ ಸರಿಯುವುದು.

ವರ್ಫ್ಸ್ 2017ರಲ್ಲಿ ಅಯೋವಾ ಸೇರಿದ. ಫೆರೆಂಟ್ಸ್ ಕಾಲದಲ್ಲಿ ಮೊದಲ ವರ್ಷವೇ ಟ್ಯಾಕಲ್ ಜಾಗದಲ್ಲಿ ಪಂದ್ಯದ ಆರಂಭದ ತಂಡದಲ್ಲಿ ಆಡಿದ ಮೊದಲಿಗ ಅವನು. 2020ರ ಎನ್‌ಎಫ್‌ಎಲ್ ಪರೀಕ್ಷೆಯಲ್ಲಿ 145 ಕಿಲೋ ದೇಹವನ್ನು ನಿಂತಲ್ಲಿಂದ ಮೂವತ್ತಾರೂವರೆ ಇಂಚು ಮೇಲೆ ಹಾರಿಸಿದ. ಹದಿಮೂರನೆಯ ಆಯ್ಕೆಯಾಗಿ ಟ್ಯಾಂಪಾ ಬೇಗೆ ಹೋಗಿ ಮೊದಲ ಸೀಸನ್ನಿನಲ್ಲೇ ಎನ್‌ಎಫ್‌ಎಲ್‌ನ ಫೈನಲ್ ಸೂಪರ್ ಬೌಲ್ ಗೆದ್ದ. ಲಿಂಡರ್‌ಬಾಮ್ ದಾರಿ ನಿಧಾನ. 2018ರಲ್ಲಿ ಡಿಫೆನ್ಸ್ ಲೈನಿಗೆ ಬಂದವನು, ಆ ವರ್ಷ ಹೆಚ್ಚುಕಮ್ಮಿ ಬೆಂಚಿನಲ್ಲೇ ಕೂತ. ಡಿಸೆಂಬರ್‌ನಲ್ಲಿ ಕೋಚ್‌ಗಳು ಅವನನ್ನು ಎದುರುಗಡೆಗೆ, ಚೆಂಡು ಹಿಂದಕ್ಕೆ ಕೊಡುವ ಸೆಂಟರ್ ಜಾಗಕ್ಕೆ ಬದಲಾಯಿಸಿದರು. 2021ರಲ್ಲಿ ದೇಶದ ಶ್ರೇಷ್ಠ ಸೆಂಟರ್‌ಗೆ ಕೊಡುವ ರಿಮಿಂಗ್ಟನ್ ಟ್ರೋಫಿ ಅವನದಾಯಿತು, ಮರುವರ್ಷ ಬಾಲ್ಟಿಮೋರ್ ತಂಡ ಮೊದಲ ಸುತ್ತಿನಲ್ಲೇ ಆರಿಸಿಕೊಂಡಿತು. ಹೈಸ್ಕೂಲಿನಲ್ಲಿ ಅವನಿಗೆ ಇದ್ದದ್ದು ಮೂರು ಸ್ಟಾರ್. ತೋಳು ಗಿಡ್ಡ ಎಂಬ ಮಾತು ಡ್ರಾಫ್ಟ್ ದಿನದವರೆಗೂ ಅವನನ್ನು ಬಿಡಲಿಲ್ಲ.

ನನ್ನ ಕೇಳಿದರೆ ಹುಡುಗನ ಬೇರೆ ಆಟಗಳು ಫುಟ್‌ಬಾಲ್ ವಿಡಿಯೋಗಿಂತ ಹೆಚ್ಚು ಹೇಳುತ್ತವೆ. ಗುಂಡು ಎಸೆಯುವ ವೃತ್ತದ ಅಗಲ ಏಳು ಅಡಿ. ಅಷ್ಟು ಜಾಗದಲ್ಲಿ ಜಾರಿ, ತಿರುಗಿ, ಗೆರೆ ದಾಟದೆ ಮೈಯೆಲ್ಲ ಶಕ್ತಿಯನ್ನು ಒಂದು ಕೈಗೆ ತರಬೇಕು. ಟ್ಯಾಕಲ್ ಜಾಗದಲ್ಲಿ ನಿಲ್ಲುವವನೂ ಅಷ್ಟೇ ಜಾಗದಲ್ಲಿ ಅದನ್ನೇ ಮಾಡಬೇಕು. ಓಟದ ಪಂದ್ಯದ ಸಮಯಕ್ಕೆ ಯಂತ್ರದ ಗಡಿಯಾರ ಇರುತ್ತೆ. ಕ್ಯಾಂಪುಗಳಲ್ಲಿ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಅಳೆದ 40 ಯಾರ್ಡ್ ಓಟವನ್ನು ನಾನು ಅರ್ಧದಷ್ಟೇ ನಂಬುತ್ತೇನೆ. ಸ್ಕೂಲಿನವರು ಬರೆಯುವ ಎತ್ತರದಲ್ಲೂ ಒಂದೆರಡು ಇಂಚು ಕಳೆಯುವುದು ಒಳ್ಳೆಯದು.

ಹೋದ ಚಳಿಗಾಲದಲ್ಲಿ ಇಲ್ಲೇ ಹತ್ತಿರದ ಸ್ಕೂಲಿನಲ್ಲಿ ಒಬ್ಬ ಹೆವಿವೇಯ್ಟ್ ಹುಡುಗನನ್ನು ನೋಡಿದೆ. ಎದುರಾಳಿ ಎಡಗಾಲಿಗೆ ನುಗ್ಗಿದ. ಈ ಹುಡುಗ ಗಾಬರಿಯಾಗದೆ ಸೊಂಟ ಹಿಂದಕ್ಕೆ ಎಸೆದು, ಎದೆಯ ಭಾರವನ್ನೆಲ್ಲ ಅವನ ಬೆನ್ನ ಮೇಲೆ ಹಾಕಿ, ಸಣ್ಣ ಸಣ್ಣ ಹೆಜ್ಜೆಯಲ್ಲಿ ಸುತ್ತಿಕೊಂಡು ಹಿಂದೆ ಹೋದ. ಒಂದು ಸಲವೂ ಪಾದ ಒಂದರ ಮೇಲೊಂದು ದಾಟಲಿಲ್ಲ. ಕೊನೆಗೆ ಪಂದ್ಯ ಸೋತ, ಉಸಿರು ಸಾಲಲಿಲ್ಲ. ಉಸಿರು ತಾಲೀಮಿನಿಂದ ಬರುತ್ತೆ. ಆ ಪಾದ ಯಾವ ಕೋಚೂ ಕಲಿಸಿಕೊಟ್ಟದ್ದಲ್ಲ. ಅವನಿಗೆ ಯಾವ ಸ್ಟಾರೂ ಇಲ್ಲ. ನನ್ನ ನೋಟ್‌ಬುಕ್‌ನಲ್ಲಿ ಅವನ ಹೆಸರಿದೆ, ಓದುತ್ತಿರುವ ಮಗುವಾದ್ದರಿಂದ ಇಲ್ಲಿ ಬರೆಯುವುದಿಲ್ಲ.

ವಿಡಿಯೋ ವಿಷಯಕ್ಕೆ ಬಂದರೆ, ಹಡಲ್ ಎಂಬ ವಿಡಿಯೋ ತಾಣದಲ್ಲಿ ಹುಡುಗರೇ ಹಾಕುವ ಹೈಲೈಟ್ ನೋಡಿ ಮರುಳಾಗಬಾರದು. ಒಂದು ಪೂರ್ತಿ ಆಟ ನೋಡಿ, ಚೆಂಡು ಅವನ ಕಡೆ ಬಾರದಾಗ ಏನು ಮಾಡುತ್ತಾನೆ ನೋಡಿ. ಎದುರಾಳಿ ಎಂಥವರು ಎನ್ನುವುದೂ ದೊಡ್ಡ ತೊಡಕು. ಕೂಪರ್ ಡಿಜೀನ್ ಆಡಿದ್ದು ನಾಲ್ಕು ಹಳ್ಳಿಗಳು ಸೇರಿ ನಡೆಸುವ ಸ್ಕೂಲಿನಲ್ಲಿ. ಕ್ವಾರ್ಟರ್‌ಬ್ಯಾಕ್ ಆಗಿ ಎರಡು ಸಲ ರಾಜ್ಯ ಪ್ರಶಸ್ತಿ ಗೆಲ್ಲಿಸಿದರೂ, ಎದುರಿಗಿದ್ದವರು ಚಿಕ್ಕ ಊರಿನ ಹುಡುಗರಲ್ಲವೇ ಎಂದು ದೊಡ್ಡ ಕಾಲೇಜುಗಳು ಸಾಲುಗಟ್ಟಲಿಲ್ಲ. ಅಯೋವಾ ಅವನನ್ನು ಡಿಫೆನ್ಸ್‌ಗೆ ಹಾಕಿತು. ಫೆಬ್ರವರಿ 2025ರ ಸೂಪರ್ ಬೌಲ್‌ನಲ್ಲಿ, ತನ್ನ ಇಪ್ಪತ್ತೆರಡನೆಯ ಹುಟ್ಟುಹಬ್ಬದ ದಿನ, ಎದುರಾಳಿ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಎಸೆದ ಚೆಂಡನ್ನು ಕಿತ್ತುಕೊಂಡು 38 ಯಾರ್ಡ್ ಓಡಿ ಟಚ್‌ಡೌನ್ ಮಾಡಿದ. ಟೆಕ್ಸಸ್‌ನ ಕ್ವಾರ್ಟರ್‌ಬ್ಯಾಕ್ ಕ್ಯಾಮ್ ವಾರ್ಡ್ ಕಥೆ ಇನ್ನೊಂದು ಥರ. ಅವನ ಹೈಸ್ಕೂಲ್ ಆಡುತ್ತಿದ್ದದ್ದು ವಿಂಗ್-ಟಿ ಪದ್ಧತಿ, ಚೆಂಡು ಎಸೆಯುವುದೇ ಅಪರೂಪ. ಎಸೆಯದವನ ಕೈಯನ್ನು ಯಾರು ನೋಡಿಯಾರು? ಇನ್‌ಕಾರ್ನೇಟ್ ವರ್ಡ್ ಎಂಬ ಚಿಕ್ಕ ಕಾಲೇಜಿನಿಂದ ಶುರುಮಾಡಿ, ವಾಷಿಂಗ್ಟನ್ ಸ್ಟೇಟ್, ಮಯಾಮಿ ದಾಟಿ 2025ರ ಡ್ರಾಫ್ಟ್‌ನಲ್ಲಿ ಮೊದಲನೆಯವನಾದ.

ಒಂದು ವಿಷಯಕ್ಕೆ ಮಾತ್ರ ನನಗೆ ಸಿಟ್ಟು ಬರುತ್ತೆ. ಐದು ಸ್ಟಾರ್ ಹುಡುಗ ಸೂಪರ್‌ಸ್ಟಾರ್ ಆಗದಿದ್ದರೆ ಅವನು "ಫೇಲ್" ಅನ್ನುವುದು. ವರ್ಫ್ಸ್ ಬಂದ ವರ್ಷವೇ ಎ. ಜೆ. ಎಪನೇಸಾ ಐದು ಸ್ಟಾರ್‌ನೊಂದಿಗೆ ಅಯೋವಾಕ್ಕೆ ಬಂದ, ಮೂರು ವರ್ಷ ಎದುರಾಳಿ ಕ್ವಾರ್ಟರ್‌ಬ್ಯಾಕ್‌ಗಳ ನಿದ್ದೆ ಕೆಡಿಸಿ ಎರಡನೆಯ ಸುತ್ತಿನಲ್ಲಿ ಹೋದ. ಮೊದಲ ಸುತ್ತಲ್ಲವಲ್ಲ ಅಂತ ಗೊಣಗಿದವರಿದ್ದಾರೆ. ಕ್ವಾರ್ಟರ್‌ಬ್ಯಾಕ್ ಕ್ವಿನ್ ಯೂವರ್ಸ್‌ಗೆ ಎಲ್ಲ ಸಂಸ್ಥೆಗಳ ಅಂಕ ಸೇರಿಸಿದ 247ಸ್ಪೋರ್ಟ್ಸ್‌ನ ಕೂಡು ಲೆಕ್ಕದಲ್ಲಿ ಪೂರ್ತಿ ಅಂಕ. ಟೆಕ್ಸಸ್ ತಂಡವನ್ನು ಎರಡು ವರ್ಷ ಸೆಮಿಫೈನಲ್‌ಗೆ ಒಯ್ದ. ಡ್ರಾಫ್ಟ್‌ನಲ್ಲಿ 231ನೆಯವನಾಗಿ, ಏಳನೆಯ ಸುತ್ತಿನಲ್ಲಿ ಹೋದ. ಊಹೆ ತಪ್ಪಿದ್ದು ಅಂಕ ಕೊಟ್ಟವರದು. ಹುಡುಗ ಆಡುವಷ್ಟು ಆಡಿದ್ದಾನೆ.

ಈಗ ಲೆಕ್ಕವೇ ಬದಲಾಗುತ್ತಿದೆ. 2021ರಿಂದ ಆಟಗಾರರು ತಮ್ಮ ಹೆಸರಿನಿಂದ ದುಡ್ಡು ಮಾಡಬಹುದು, 2025ರ ಜುಲೈನಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು. ಅದು ಅವರ ಬೆವರಿಗೆ ಸಲ್ಲಬೇಕಾದ್ದೇ, ನನ್ನ ತಕರಾರಿಲ್ಲ. ಆದರೆ ಆಟಗಾರರು ಕಾಲೇಜು ಬದಲಾಯಿಸಲು ಹೆಸರು ಕೊಡುವ ಟ್ರಾನ್ಸ್‌ಫರ್ ಪೋರ್ಟಲ್ ಬಂದ ಮೇಲೆ ಕೋಚ್‌ಗಳಿಗೆ ಇಪ್ಪತ್ತೆರಡರ ಪಳಗಿದ ಆಟಗಾರ ಸಿದ್ಧವಾಗಿಯೇ ಸಿಗುತ್ತಾನೆ. ಇಂಡಿಯಾನಾ ತಂಡವನ್ನೇ ನೋಡಿ. ಅಲ್ಲಿನ ಕೋಚ್ ಕರ್ಟ್ ಸಿಗ್ನೆಟಿ ತಾವು ಮೊದಲಿದ್ದ ಜೇಮ್ಸ್ ಮ್ಯಾಡಿಸನ್ ಕಾಲೇಜಿನಿಂದ ತಮ್ಮ ಹಳೆಯ ಹುಡುಗರನ್ನು ಕರೆತಂದರು, ಆಮೇಲೆ ಕ್ಯಾಲಿಫೋರ್ನಿಯಾದಿಂದ ಕ್ವಾರ್ಟರ್‌ಬ್ಯಾಕ್ ಫರ್ನಾಂಡೋ ಮೆಂಡೋಜಾ ಬಂದ. ಹೈಸ್ಕೂಲಿನಲ್ಲಿ ಯೇಲ್‌ಗೆ ಹೋಗುತ್ತೇನೆ ಎಂದು ಮಾತು ಕೊಟ್ಟಿದ್ದ ಹುಡುಗ ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿಯನ್ನು 2025ರಲ್ಲಿ ಗೆದ್ದ, ತಂಡ ಒಂದೂ ಸೋಲದೆ ಚಾಂಪಿಯನ್ ಆಯಿತು. ಬಡ್ ಎಲಿಯಟ್ ಲೆಕ್ಕವೂ ಅಲ್ಲಿಗೆ ಮುರಿಯಿತು. ನಮ್ಮವರೂ 2025ಕ್ಕೆ ಸೌತ್ ಡಕೋಟಾ ಸ್ಟೇಟ್‌ನಿಂದ ಕ್ವಾರ್ಟರ್‌ಬ್ಯಾಕ್ ಮಾರ್ಕ್ ಗ್ರೊನೌಸ್ಕಿಯನ್ನು ಕರೆತಂದರು. ಚಿಕ್ಕ ವಿಭಾಗದಲ್ಲಿ ಎರಡು ಚಾಂಪಿಯನ್‌ಶಿಪ್ ಗೆದ್ದಿದ್ದವನು, ಅವನ ವಿಷಯದಲ್ಲಿ ಊಹಿಸುವುದು ಹೆಚ್ಚೇನೂ ಇರಲಿಲ್ಲ.

ಇದರಲ್ಲಿ ಪೆಟ್ಟು ಬೀಳುವುದು ತಡವಾಗಿ ಮೈ ಕಟ್ಟುವ ಹೈಸ್ಕೂಲ್ ಹುಡುಗನಿಗೆ. ಪೋರ್ಟಲ್‌ನಿಂದ ಒಬ್ಬ ಬಂದಾಗಲೆಲ್ಲ ಮೂರು ಸ್ಟಾರ್‌ನವನ ಒಂದು ಜಾಗ ಹೋಯಿತು. ಸಿಕ್ಕ ಜಾಗದಲ್ಲೂ ಲಿಂಡರ್‌ಬಾಮ್ ಥರ ಒಂದು ವರ್ಷ ಬೆಂಚಿನಲ್ಲಿ ಕೂತು, ಜಾಗ ಬದಲಾಯಿಸಿಕೊಂಡು ಕಾಯಲು ಹುಡುಗನಿಗೂ ಪುರುಸೊತ್ತಿಲ್ಲ, ಕೋಚ್‌ಗೂ ಇಲ್ಲ. ಫೆರೆಂಟ್ಸ್ ಇನ್ನೂ ಹೈಸ್ಕೂಲ್ ಹುಡುಗರ ಮೇಲೆಯೇ ತಂಡ ಕಟ್ಟುತ್ತಿರುವುದಕ್ಕೆ ನಾನು ಈ ತಂಡವನ್ನು ಇಷ್ಟು ಹಚ್ಚಿಕೊಂಡಿರುವುದು.

ಸೀಡರ್ ರ‍್ಯಾಪಿಡ್ಸ್, ಡಿ ಮೋಯ್ನ್ ಕಡೆಯ ಕನ್ನಡದವರು ಫುಟ್‌ಬಾಲ್ ಅರ್ಥವಾಗುವುದಿಲ್ಲ, ಎಲ್ಲಿಂದ ಶುರುಮಾಡುವುದು ಅಂತ ಕೇಳುತ್ತಿರುತ್ತೀರಿ. ಜನವರಿಯಲ್ಲಿ ನಿಮ್ಮ ಹತ್ತಿರದ ಹೈಸ್ಕೂಲಿನ ಕುಸ್ತಿಗೆ ಹೋಗಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. 285 ಪೌಂಡಿನ ಪಂದ್ಯ ಮುಗಿಯುವ ತನಕ ಎದ್ದು ಬರಬೇಡಿ. ಪಾದ ನೋಡಿ, ಹೆಸರು ಬರೆದುಕೊಳ್ಳಿ, ನನಗೂ ಕಳಿಸಿ.