ಕಲ್ಲಿದ್ದಲು ಗ್ಯಾಸ್ ಸ್ಥಾವರದ ಮಾದರಿ, ಭಾಗ 3: ನೀರೇ ಬೀಗ

ಹೈಡ್ರಾಲಿಕ್ ಮೇನ್ (ಗ್ಯಾಸ್ ಹಿಂದೆ ಬರದಂತೆ ತಡೆಯುವ ನೀರಿನ ತೊಟ್ಟಿ) ಮತ್ತು ಗ್ಯಾಸ್ ಹೋಲ್ಡರ್ (ತಯಾರಾದ ಗ್ಯಾಸನ್ನು ಕೂಡಿಡುವ ಡಬ್ಬ) ಎರಡೂ ಈ ವಾರ ಕೆಲಸಕ್ಕೆ ನಿಂತವು. ಹೊಸಬರಿಗಾಗಿ: ಇದು ಇಂಗ್ಲೆಂಡಿನ ಫೇಕನ್‌ಹ್ಯಾಮ್‌ನಲ್ಲಿ 1846ರಲ್ಲಿ ಶುರುವಾದಂಥ, ಕಲ್ಲಿದ್ದಲನ್ನು ಕಾಯಿಸಿ ಒಂದು ಸಣ್ಣ ಊರಿಗೆ ಸಾಕಾಗುವಷ್ಟು ಉರಿಯುವ ಗ್ಯಾಸ್ ತಯಾರಿಸುವ ಸ್ಥಾವರದ ಮಾದರಿ. (ಅಲ್ಲಿಯದು ಈಗ ಮ್ಯೂಸಿಯಂ.) ನನ್ನದರಲ್ಲಿ ಕಲ್ಲಿದ್ದಲು ಕಾಯಿಸುವುದಿಲ್ಲ. ಆ ಗ್ಯಾಸಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಮನೆಯೊಳಗೆ ಆ ಆಟ ಬೇಡ. ಅಕ್ವೇರಿಯಂ ಪಂಪಿನ ಗಾಳಿಯೇ ಇಲ್ಲಿ ಗ್ಯಾಸ್.

ಅಸಲಿ ಸ್ಥಾವರದಲ್ಲಿ ಕಲ್ಲಿದ್ದಲನ್ನು ರಿಟಾರ್ಟ್ ಎಂಬ ಉದ್ದನೆಯ ಕೊಳವೆಗೆ ತುಂಬಿ, ಗಾಳಿಯಾಡದಂತೆ ಮುಚ್ಚಿ, ಹೊರಗಿನಿಂದ ಕೆಂಪಗೆ ಕಾಯಿಸುತ್ತಿದ್ದರು. ಗ್ಯಾಸು, ಟಾರು, ಅಮೋನಿಯಾ ಸೇರಿದ ನೀರಾವಿ ಹೊರಬೀಳುತ್ತಿದ್ದವು. ಒಳಗೆ ಕೋಕ್ ಎಂಬ ಗಟ್ಟಿ ಇಂಗಾಲ ಉಳಿಯುತ್ತಿತ್ತು. ಕೆಲವು ಗಂಟೆಗಳಿಗೊಮ್ಮೆ ಮುಚ್ಚಳ ತೆಗೆದು ಕೋಕ್ ಎಳೆದುಹಾಕಿ ಹೊಸ ಕಲ್ಲಿದ್ದಲು ತುಂಬಬೇಕು. ಆಗ ಪಕ್ಕದ ರಿಟಾರ್ಟ್‌ಗಳ ಗ್ಯಾಸ್ ಇದರ ಬಾಯಿಂದ ನುಗ್ಗಿ ಬರದಂತೆ ತಡೆಯುವುದು ಏನು? ವಾಲ್ವ್ ಇಟ್ಟರೆ ಟಾರು ಮೆತ್ತಿಕೊಂಡು ಕಚ್ಚಿಹೋಗುತ್ತದೆ. ಅದಕ್ಕೇ ಪ್ರತಿ ರಿಟಾರ್ಟಿನ ಕೊಳವೆಯನ್ನೂ ಮೇಲೇರಿಸಿ, ಬಾಗಿಸಿ, ಹೈಡ್ರಾಲಿಕ್ ಮೇನ್ ಎಂಬ ಉದ್ದನೆಯ ಮುಚ್ಚಿದ ತೊಟ್ಟಿಯ ನೀರಿನಲ್ಲಿ ಮುಳುಗಿಸಿದರು. ಗ್ಯಾಸ್ ಗುಳುಗುಳು ಎಂದು ಮುಂದೆ ಹೋಗುತ್ತದೆ, ಹಿಂದೆ ಬರಲಾರದು. ನನಗಂತೂ ಇಡೀ ಸ್ಥಾವರದಲ್ಲಿ ಇದೇ ಅತಿ ಜಾಣತನದ ಭಾಗ.

ಹೋಲ್ಡರ್‌ಗೆ 20 ಸೆಂ.ಮೀ. ಅಗಲದ ಸ್ಟೀಲ್ ಡಬ್ಬವನ್ನು ಬಕೆಟ್ ನೀರಿನಲ್ಲಿ ಬೋರಲು ಹಾಕಿದ್ದೇನೆ. ಗೋಬರ್ ಗ್ಯಾಸಿನ ತೇಲುವ ಡ್ರಮ್ ನೋಡಿದವರಿಗೆ ಬೇರೆ ವಿವರಣೆ ಬೇಕಿಲ್ಲ. ಒತ್ತಡ ಕೊಡುವುದು ಡಬ್ಬದ ತೂಕವೇ: ವಿಸ್ತೀರ್ಣ 314 ಚದರ ಸೆಂ.ಮೀ., 5 ಸೆಂ.ಮೀ. ನೀರಿನಷ್ಟು ಒತ್ತಡಕ್ಕೆ ಸುಮಾರು 1,570 ಗ್ರಾಂ ಬೇಕು. ಕಡಿಮೆ ಬಿದ್ದದ್ದನ್ನು ತಕ್ಕಡಿ ಬಟ್ಟುಗಳಿಂದ ತುಂಬಿಸಿದೆ.

ಮೇನ್‌ನಲ್ಲಿ ಕೊಳವೆ ಮುಳುಗಿರುವುದು 2 ಸೆಂ.ಮೀ. ಅಂದರೆ ಹೋಲ್ಡರಿನ 5 ಸೇರಿ ರಿಟಾರ್ಟಿನ ಗ್ಯಾಸ್ ಒಟ್ಟು 7 ಸೆಂ.ಮೀ. ಒತ್ತಡ ಮೀರಬೇಕು. ಪಂಪ್ ನಿಲ್ಲಿಸಿ ರಿಟಾರ್ಟಿನ ಮುಚ್ಚಳ ತೆಗೆದರೆ ಮೇನ್‌ನ ನೀರು ಕೊಳವೆಯೊಳಗೆ 5 ಸೆಂ.ಮೀ. ಏರಿ ಅಲ್ಲೇ ನಿಲ್ಲುತ್ತದೆ. ತೊಟ್ಟಿ ಅಗಲವಾಗಿರಬೇಕು, ಕಿರಿದಾದರೆ ನೀರೆಲ್ಲ ಕೊಳವೆಗೇರಿ ತುದಿ ಬಯಲಾಗಿ ಗ್ಯಾಸ್ ವಾಪಸ್ ಬರುತ್ತದೆ.

ಈ ಹಿಮ್ಮುಖ ಒತ್ತಡ ಅಸಲಿ ಸ್ಥಾವರಗಳಿಗೂ ತಲೆನೋವಾಗಿತ್ತು. ಮಣ್ಣಿನ ರಿಟಾರ್ಟ್‌ಗಳ ಬಿರುಕುಗಳಿಂದ ಗ್ಯಾಸ್ ಸೋರುತ್ತಿತ್ತು, ಒಳಗೋಡೆಗೆ ಇಂಗಾಲ ಗಟ್ಟಿಯಾಗಿ ಕಟ್ಟುತ್ತಿತ್ತು. ಮೇನ್‌ನಿಂದಾಚೆ ಗ್ಯಾಸನ್ನು ಎಳೆದುಕೊಳ್ಳಲು ಎಕ್ಸಾಸ್ಟರ್ ಎಂಬ ಪಂಪ್ ಬಂದದ್ದು ಅದಕ್ಕೇ. ನಾನೂ ಒಂದು ಸೇರಿಸಬಹುದು, ಆದರೆ ಸಣ್ಣ ಊರಿನ ಸ್ಥಾವರಕ್ಕೆ ಅದು ಅತಿಯಾಯಿತು ಅನ್ನಿಸುತ್ತದೆ.

ಮುಂದಿನದು ಸುಣ್ಣದ ಪ್ಯೂರಿಫೈಯರ್ ಪೆಟ್ಟಿಗೆ. ಹೈಡ್ರೋಜನ್ ಸಲ್ಫೈಡ್ ಹಿಡಿಯುವ ತಟ್ಟೆಗಳು ಸುಲಭ. ಆದರೆ ಮುಚ್ಚಳದ ಅಂಚೂ ನೀರಿನ ಕಾಲುವೆಯಲ್ಲೇ ಕೂರಬೇಕು, ಆ ಕಾಲುವೆಯ ಆಳ 5 ಸೆಂ.ಮೀ.ಗಿಂತ ಹೆಚ್ಚಿರಬೇಕು. ತಗಡು ತಂದಿಟ್ಟಿದ್ದೇನೆ, ಬೆಸುಗೆ ಬಾಕಿ.