ರಜಾ ಅರ್ಜಿಯಿಂದ ಶುರುವಾದ ಗ್ರಾಮರ್

ನಾವು ಶಾಲೆಯಲ್ಲಿ ಓದುತ್ತಿದ್ದಾಗ ಪ್ರತಿಯೊಬ್ಬರಿಗೂ ಒಂದು ಇಂಗ್ಲಿಷ್ ವಾಕ್ಯ ಬಾಯಿಪಾಠ ಆಗಿತ್ತು. ‘ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್, ಐ ಕೆನಾಟ್ ಅಟೆಂಡ್ ಸ್ಕೂಲ್ ಫಾರ್ ಟೂ ಡೇಸ್.’ ಜ್ವರ ಬಂದರೂ ಇದೇ, ಊರಹಬ್ಬಕ್ಕೆ ಹೋದರೂ ಇದೇ. ಕನ್ನಡ ಮೀಡಿಯಂ ಮಕ್ಕಳು ನಾವು. ಯಾವ ಪದ ಏನು ಹೇಳುತ್ತದೆ ಅಂತ ಯಾರೂ ಕೇಳಿದವರಲ್ಲ. ರಜೆ ಸಿಕ್ಕರೆ ಸಾಕಿತ್ತು.

ಇಂಗ್ಲಿಷ್ ಮೇಷ್ಟ್ರು ಫ್ರೇಸ್, ಕ್ಲಾಝ್ ಪಾಠ ಶುರು ಮಾಡಿದ್ದು ಈ ವಾಕ್ಯದಿಂದಲೇ. (ಕ್ಲಾಝ್ ಬೇರೆ, ನಾವು ಕೂತಿರುವ ಕ್ಲಾಸ್ ಬೇರೆ ಅನ್ನುವುದು ತಲೆಗೆ ಹೋಗುವುದಕ್ಕೇ ಒಂದು ಪೀರಿಯಡ್ ಬೇಕಾಯಿತು.) ಬೋರ್ಡಿನ ಮೇಲೆ ಅರ್ಜಿಯ ಸಾಲು ಬರೆದು, ‘ಇದು ಇವತ್ತಿನ ಜ್ವರ. ಹೋದ ವಾರದ ಜ್ವರ ಮಾಡಿ ನೋಡೋಣ’ ಅಂದರು. ‘ಆಮ್’ ಹೋಗಿ ‘ವಾಸ್’ ಆಯಿತು. ‘ಕೆನಾಟ್’ ಹೋಗಿ ‘ಕುಡ್ ನಾಟ್’ ಆಯಿತು. ‘ಸಫರಿಂಗ್’, ‘ಅಟೆಂಡ್’ ಎರಡೂ ಇದ್ದ ಹಾಗೇ ಇದ್ದವು. ಕಾಲ ಬದಲಾದಾಗ ತಾನೂ ಬದಲಾಗುವ ಪದವೇ ಫೈನೈಟ್ ವರ್ಬ್. ಅಂಥವು ಎಷ್ಟಿವೆಯೋ ಅಷ್ಟು ಕ್ಲಾಝ್. ಇಲ್ಲಿ ಎರಡು. ‘ಫ್ರಮ್ ಫೀವರ್’, ‘ಫಾರ್ ಟೂ ಡೇಸ್’ ಇವುಗಳಲ್ಲಿ ವರ್ಬೇ ಇಲ್ಲ, ಹಾಗಾಗಿ ಅವು ಬರೀ ಫ್ರೇಸ್.

ಆಮೇಲೆ ಕಾಮಾದಿಂದ ಮುಂದಿನದ್ದನ್ನು ಡಸ್ಟರ್‌ನಿಂದ ಮುಚ್ಚಿ, ಉಳಿದ ಅರ್ಧವನ್ನು ಓದಿ ಸುಮ್ಮನೆ ನಿಂತರು. ‘ನನಗೆ ಜ್ವರ ಬಂದಿರುವುದರಿಂದ...’ ಅಷ್ಟೇ. ಹಿಂದಿನ ಬೆಂಚಿನಿಂದ ಒಬ್ಬ ‘ಬಂದಿರೋದ್ರಿಂದ ಏನ್ ಸಾರ್?’ ಅಂದ. ‘ಅದೇ ಕಣೋ ಸಬಾರ್ಡಿನೇಟ್ ಕ್ಲಾಝ್’ ಅಂದರು ಮೇಷ್ಟ್ರು. ಸಬ್ಜೆಕ್ಟ್ ಇದೆ, ವರ್ಬ್ ಇದೆ, ಆದರೂ ಒಂಟಿಯಾಗಿ ನಿಲ್ಲಲಾರದು. ಹಾಗೆ ಮಾಡಿದ್ದು ಮುಂದಿರುವ ‘ಆಸ್’. ಅದನ್ನು ತೆಗೆದುಬಿಟ್ಟರೆ ‘ಐ ಆಮ್ ಸಫರಿಂಗ್ ಫ್ರಮ್ ಫೀವರ್’ ತಾನೇ ಒಂದು ಪೂರ್ತಿ ವಾಕ್ಯ.

ಅರ್ಧ ಕ್ಲಾಸು ‘ಆಸ್’ ಹಾಕಿದ ಮೇಲೂ ನಡುವೆ ಒಂದು ‘ಸೋ’ ಸೇರಿಸುತ್ತಿತ್ತು. ‘ದೋ’ ಬಂದ ಕಡೆ ‘ಬಟ್’ ಕೂಡ ಬರುತ್ತಿತ್ತು. ಎರಡು ಕ್ಲಾಝ್ ಸೇರಿಸಲು ಒಂದು ಕೊಂಡಿ ಸಾಕು, ಅಲ್ವಾ? ಎರಡು ಹಾಕಿದರೆ ಯಾವುದು ಮುಖ್ಯ, ಯಾವುದು ಅಧೀನ ಅಂತಲೇ ತಿಳಿಯುವುದಿಲ್ಲ. ಮೇಷ್ಟ್ರು ಯಾವುದಾದರೂ ಒಂದನ್ನು ಹೊಡೆದುಹಾಕಿ ಅಂತ ಬಿಟ್ಟುಬಿಡುತ್ತಿದ್ದರು. ಯಾವುದು ಅಂತ ಹೇಳುತ್ತಿರಲಿಲ್ಲ. ಆ ಲೆಕ್ಕಾಚಾರ ನಮ್ಮದು.

ನನಗೆ ಜಾಸ್ತಿ ಹಿಡಿಸಿದ್ದು ಅವರು ಕನ್ನಡವನ್ನು ಪಕ್ಕದಲ್ಲೇ ಇಟ್ಟುಕೊಂಡು ಪಾಠ ಮಾಡುತ್ತಿದ್ದ ರೀತಿ. ‘ನಿನ್ನೆ ಬಂದ ಹುಡುಗ’ ಅನ್ನುವಾಗ ವಿವರ ಮೊದಲು, ಹುಡುಗ ಆಮೇಲೆ. ‘ದಿ ಬಾಯ್ ಹೂ ಕೇಮ್ ಯೆಸ್ಟರ್ಡೇ’ ಅನ್ನುವಾಗ ಹುಡುಗ ಮೊದಲೇ ಬಂದು ನಿಲ್ಲುತ್ತಾನೆ, ವಿವರ ಹಿಂದೆ ಬರುತ್ತದೆ. ‘ಅವನು ಎಲ್ಲಿದ್ದಾನೆ?’ ಅನ್ನುವ ಪ್ರಶ್ನೆಯನ್ನು ದೊಡ್ಡ ವಾಕ್ಯದೊಳಗೆ ಸೇರಿಸಬೇಕಾದರೆ ನಾವು ಕೊನೆಗೆ ಒಂದು ‘ಓ’ ಹಚ್ಚುತ್ತೇವೆ: ‘ಎಲ್ಲಿದ್ದಾನೋ ಗೊತ್ತಿಲ್ಲ.’ ಇಂಗ್ಲಿಷಿನಲ್ಲಿ ಆ ‘ಓ’ ಇಲ್ಲ. ಅಲ್ಲಿ ಪದಗಳ ಜಾಗ ಬದಲಾಗುತ್ತದೆ. ‘ವೇರ್ ಈಸ್ ಹಿ?’ ಒಳಗೆ ಹೋದಾಗ ‘ಐ ಡೋಂಟ್ ನೋ ವೇರ್ ಹಿ ಈಸ್’ ಆಗುತ್ತದೆ. ಈಗಲೂ ಎಷ್ಟೋ ಆಫೀಸುಗಳಲ್ಲಿ ‘ಐ ಡೋಂಟ್ ನೋ ವೇರ್ ಈಸ್ ಹಿ’ ಕೇಳಿದಾಗ ನನಗೆ ಮೇಷ್ಟ್ರ ‘ಓ’ ನೆನಪಾಗುತ್ತದೆ.

ಇನ್ನೊಂದು ದಿನ ಯಾರೋ ‘ವಾಕಿಂಗ್ ಟು ಸ್ಕೂಲ್, ದಿ ರೈನ್ ಬಿಗ್ಯಾನ್’ ಅಂತ ಬರೆದಿದ್ದರು. ‘ಮಳೆ ನಮ್ಮ ಶಾಲೆಗೆ ನಡ್ಕೊಂಡು ಬಂತೇನ್ರೋ? ಅಡ್ಮಿಷನ್ ಆಗಿದೆಯಾ?’ ಅಂದರು. ವಾಕ್ಯದ ಮೊದಲಲ್ಲಿರುವ ‘ವಾಕಿಂಗ್ ಟು ಸ್ಕೂಲ್’ ಅನ್ನುವ ಫ್ರೇಸಿಗೆ ಸ್ವಂತ ಸಬ್ಜೆಕ್ಟ್ ಇಲ್ಲ. ಅದು ಮುಂದಿನ ಕ್ಲಾಝಿನ ಸಬ್ಜೆಕ್ಟಿಗೇ ಅಂಟಿಕೊಳ್ಳುತ್ತದೆ. ಕನ್ನಡದಲ್ಲೂ ‘ಶಾಲೆಗೆ ನಡೆದು ಮಳೆ ಬಂತು’ ಅನ್ನುವುದಿಲ್ಲ, ‘ನಾನು ನಡೆದು ಹೋಗುತ್ತಿದ್ದಾಗ’ ಅನ್ನುತ್ತೇವೆ.

ವಾಕ್ಯಗಳನ್ನು ಸಿಂಪಲ್ (ಒಂದೇ ಕ್ಲಾಝ್), ಕಾಂಪೌಂಡ್ (ಸರಿಸಮ ಕ್ಲಾಝ್‌ಗಳು), ಕಾಂಪ್ಲೆಕ್ಸ್ (ಮುಖ್ಯದ ಜೊತೆ ಅಧೀನ ಕ್ಲಾಝ್) ಅಂತ ಒಂದರಿಂದ ಒಂದಕ್ಕೆ ಬದಲಾಯಿಸುವ ಪ್ರಶ್ನೆಗಳೂ ಪರೀಕ್ಷೆಗೆ ಬರುತ್ತಿದ್ದವು. ‘ಟೂ ವೀಕ್ ಟು ವಾಕ್’ ಅನ್ನು ‘ಸೋ ವೀಕ್ ದಟ್ ಹಿ ಕೆನಾಟ್ ವಾಕ್’ ಮಾಡಿದರೆ ಅಂಕ ಸಿಗುತ್ತಿತ್ತು. ಆ ಭಾಗ ನನಗೆ ಈಗಲೂ ಅಷ್ಟಕ್ಕಷ್ಟೇ. ಯಾವಾಗ ಯಾವುದನ್ನು ಬಳಸಬೇಕು ಅಂತ ಆ ಪ್ರಶ್ನೆ ಕೇಳುವುದೇ ಇಲ್ಲ.

ಈಗ ನಾನು ಕನ್ನಡ ದಾಖಲೆಗಳನ್ನು ಇಂಗ್ಲಿಷಿಗೆ ಅನುವಾದ ಮಾಡುವ ಕೆಲಸದಲ್ಲಿದ್ದೇನೆ. ಕೆಳಗಿನ ಕೋರ್ಟುಗಳ ಕಾಗದ ಪತ್ರ ಹೆಚ್ಚಾಗಿ ಕನ್ನಡದಲ್ಲಿ, ಹೈಕೋರ್ಟಿನ ವ್ಯವಹಾರ ಇಂಗ್ಲಿಷಿನಲ್ಲಿ. ‘ಬರೆದುಕೊಟ್ಟ ಶುದ್ಧ ಕ್ರಯಪತ್ರದ ಕ್ರಮವೇನೆಂದರೆ’ ಅಂತ ಶುರುವಾದ ವಾಕ್ಯ ಒಂದು ಪುಟ ದಾಟಿದರೂ ಮುಗಿಯುವುದಿಲ್ಲ. ಮಾಡಿ, ಪಡೆದು, ಅನುಭವಿಸಿಕೊಂಡು ಬಂದು ಅಂತ ಕ್ರಿಯೆಗಳು ಸಾಲುಗಟ್ಟಿರುತ್ತವೆ. ಕಾಲ ಬದಲಿಸಿದರೆ ಅಲುಗುವ ಕ್ರಿಯಾಪದ ಮಾತ್ರ ಕಟ್ಟಕಡೆಯಲ್ಲಿ ಒಂದೇ ಒಂದು. ಅದನ್ನು ಮೊದಲು ಹುಡುಕಿ, ಅದರ ಕರ್ತೃ ಯಾರು ಅಂತ ಗುರುತು ಹಾಕಿಕೊಂಡು, ಇಂಗ್ಲಿಷಿನಲ್ಲಿ ಮೇನ್ ಕ್ಲಾಝನ್ನು ಮುಂದಕ್ಕೆ ತರುತ್ತೇನೆ.

ಕಷ್ಟ ಆಗುವುದು ಚಿಕ್ಕ ವಾಕ್ಯಗಳಲ್ಲಿ. ಒಂದು ವಿಲ್‌ನಲ್ಲಿ ‘ಹಾಸನದಲ್ಲಿರುವ ನನ್ನ ಮಕ್ಕಳಿಗೆ’ ಅಂತಿದೆ ಅನ್ನಿ. ಮಕ್ಕಳೆಲ್ಲ ಹಾಸನದಲ್ಲೇ ಇದ್ದಾರಾ, ಅಥವಾ ಅಲ್ಲಿರುವವರಿಗೆ ಮಾತ್ರ ಆಸ್ತಿಯಾ? ಕನ್ನಡದಲ್ಲಿ ಎರಡೂ ಅರ್ಥಕ್ಕೆ ಒಂದೇ ರೂಪ. ಇಂಗ್ಲಿಷಿನಲ್ಲಿ ‘ಮೈ ಚಿಲ್ಡ್ರನ್’ ಆದಮೇಲೆ ಕಾಮಾ ಹಾಕಿ ‘ಹೂ ಲಿವ್ ಇನ್ ಹಾಸನ’ ಅಂದರೆ ಎಲ್ಲರಿಗೂ ಪಾಲು. ಕಾಮಾ ಇಲ್ಲದಿದ್ದರೆ ಅಲ್ಲಿರುವವರಿಗಷ್ಟೇ. ಹಾಕಬೇಕೋ ಬೇಡವೋ ನಾನು ತೀರ್ಮಾನ ಮಾಡುವ ಹಾಗಿಲ್ಲ. ವಕೀಲರಿಗೆ ಫೋನ್ ಮಾಡಿ ಕೇಳುತ್ತೇನೆ: ‘ಸಾರ್, ಇವರಿಗೆ ಹಾಸನ ಬಿಟ್ಟು ಬೇರೆ ಊರಲ್ಲಿ ಇನ್ನೊಬ್ಬ ಮಗ ಏನಾದ್ರೂ ಇದ್ದಾನಾ?’